ನನಗೆ ಪ್ರಾರ್ಥನೆ ಮಾಡಲು ಬರುವುದಿಲ್ಲ ಎನ್ನುವವರಿಗೆ

ಬೀದರ್ ಕಡೆಯ ನಮ್ಮ ಸಭೆಗಳಲ್ಲಿ ನಾನು ಮತ್ತೆ ಮತ್ತೆ ಕೇಳಿರುವ ಮಾತು ಇದು: "ನಂಗ ಪ್ರಾರ್ಥನಾ ಮಾಡ್ಲಾಕ ಬರಲ್ರೀ, ನೀವೇ ಮಾಡ್ರಿ." ಮನೆ ಪ್ರಾರ್ಥನೆಗೆ ಹೋದರೆ ಆ ಮನೆಯ ಹೆಣ್ಣುಮಗಳೇ ಹೀಗೆ ಹೇಳುತ್ತಾರೆ. ವರ್ಷಾನುಗಟ್ಟಲೆ ಭಾನುವಾರ ತಪ್ಪಿಸದೆ ಚರ್ಚಿಗೆ ಬಂದವರೂ ಹೇಳುತ್ತಾರೆ. ಜಮಖಾನ ಹಾಸಿ ಸುತ್ತಲೂ ಕೂತು ಒಬ್ಬರಾದ ಮೇಲೆ ಒಬ್ಬರು ಪ್ರಾರ್ಥಿಸುತ್ತಿರುತ್ತೇವೆ. ತಮ್ಮ ಸರದಿ ಹತ್ತಿರ ಬರುತ್ತಿದ್ದಂತೆ ಕೆಲವರು ಚಹಾ ಇಡುವ ನೆಪದಲ್ಲಿ ಎದ್ದು ಒಳಗೆ ಹೋಗಿಬಿಡುತ್ತಾರೆ.

ಪ್ರಾರ್ಥನೆಗೆ ಅಡ್ಡಿ ಯಾವುದು ಎಂದು ಕೇಳಿದರೆ ಮೊಬೈಲು, ನಿದ್ದೆ, ಸೋಮಾರಿತನ ಎಂದು ಎಲ್ಲರೂ ಹೇಳುತ್ತಾರೆ. ಅವು ಇದ್ದೇ ಇವೆ. ಮೊಬೈಲನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಬಂದರೆ ಆ ಒಂದು ಅಡ್ಡಿ ಅರ್ಧ ಮುಗಿಯುತ್ತದೆ. ಅದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ನನಗೆ ಕಾಣುವ ದೊಡ್ಡ ಅಡ್ಡಿ ನಾಚಿಕೆ. ಪ್ರಾರ್ಥನೆ ಚೆನ್ನಾಗಿ ಮಾತಾಡುವವರ ಕೆಲಸ, ದೊಡ್ಡ ವಿಶ್ವಾಸ ಇರುವವರ ಕೆಲಸ, ನನ್ನಂಥವರದ್ದಲ್ಲ ಎನ್ನುವ ನಾಚಿಕೆ. ಇದು ಒಳಗೇ ಕೂತಿರುತ್ತದೆ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಈ ನಾಚಿಕೆಗೆ ನಮ್ಮ ಮಾತಿನ ರೀತಿಯೂ ಒಂದು ಕಾರಣ. ನಮ್ಮ ಬೀದರ್ ಕನ್ನಡದಲ್ಲಿ ಉರ್ದು ಬೆರೆತಿದೆ, ಮರಾಠಿ ಬೆರೆತಿದೆ, ತೆಲುಗೂ ಬೆರೆತಿದೆ. ಆದರೆ ಕಣ್ಣು ಮುಚ್ಚಿದ ಕೂಡಲೇ ನಾವು ಬೈಬಲಿನ ಕನ್ನಡಕ್ಕೆ ಹೋಗುತ್ತೇವೆ. ಆ ಕನ್ನಡ ನನಗೆ ತುಂಬಾ ಪ್ರೀತಿ. ಚಿಕ್ಕಂದಿನಿಂದ ಅದನ್ನು ಕೇಳಿಯೇ ಬೆಳೆದಿದ್ದೇನೆ. ಅದು ಬಾಯಿಗೆ ಬರುವವರು ಹಾಗೆಯೇ ಪ್ರಾರ್ಥಿಸಲಿ. ಆದರೆ ದಿನವಿಡೀ ತೊಗರಿ ಹೊಲದಲ್ಲಿ ಬಗ್ಗಿ ಬಂದ ತಾಯಿಯೊಬ್ಬಳು "ಯಪ್ಪಾ ದೇವ್ರೇ, ಮಗಂದು ಜ್ವರ ಇಳೀವಲ್ದು, ನೋಡಪ್ಪಾ" ಎಂದಷ್ಟೇ ಹೇಳಿದರೆ ನಾವು ಅದನ್ನು ಪ್ರಾರ್ಥನೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಳೂ ಹಿಡಿಯುವುದಿಲ್ಲ. ಅದನ್ನು ಹೇಳಿದ ಮೇಲೂ "ನಂಗ ಪ್ರಾರ್ಥನಾ ಬರಲ್ಲ" ಎಂದೇ ತಿಳಿದಿರುತ್ತಾಳೆ.

ಇಂಥ ಹೊತ್ತಿನಲ್ಲಿ ನಾನು ಹನ್ನಳನ್ನು ನೆನೆಯುತ್ತೇನೆ. ಒಂದನೇ ಸಮುವೇಲನ ಮೊದಲ ಅಧ್ಯಾಯ. ಮಕ್ಕಳಿಲ್ಲದ ಹೆಣ್ಣು, ಸವತಿಯ ಚುಚ್ಚುಮಾತು ಕೇಳಿ ಊಟ ಬಿಟ್ಟವಳು, ಶೀಲೋವಿನ ದೇವಾಲಯದಲ್ಲಿ ನಿಂತು ಅಳುತ್ತಾಳೆ. ತುಟಿ ಅಲ್ಲಾಡುತ್ತದೆ, ದನಿ ಹೊರಗೆ ಬರುವುದಿಲ್ಲ. ಬಾಗಿಲ ಬಳಿ ಕೂತ ಯಾಜಕ ಏಲಿ ಅದನ್ನು ನೋಡಿ ಇವಳು ಕುಡಿದಿದ್ದಾಳೆ ಎಂದುಕೊಳ್ಳುತ್ತಾನೆ. ಪ್ರಾರ್ಥನೆಯಲ್ಲೇ ಆಯುಷ್ಯ ಕಳೆದ ಯಾಜಕನಿಗೇ ಪ್ರಾರ್ಥನೆಯ ಗುರುತು ಹತ್ತಲಿಲ್ಲ. ದೇವರಿಗೆ ಹತ್ತಿತು. ನಮ್ಮ ಕೂಟಗಳಲ್ಲಿ ದನಿ ಏರಿಸಿದಷ್ಟೂ ಪ್ರಾರ್ಥನೆ ಬಲವಾಯಿತು ಎಂದುಕೊಳ್ಳುತ್ತೇವಲ್ಲ, ಹನ್ನ ನಮ್ಮ ನಡುವೆ ಬಂದು ಕೂತರೆ ಅವಳಿಗೆ ನಾವು ಏನು ಹೇಳುತ್ತಿದ್ದೆವೋ.

ಉದ್ದ ಪ್ರಾರ್ಥನೆ ತಪ್ಪು ಅಂತಲ್ಲ. ದೇವಾಲಯದ ಪ್ರತಿಷ್ಠೆಯ ದಿನ ಸೊಲೊಮೋನ ಮಾಡಿದ ಪ್ರಾರ್ಥನೆ 30 ವಚನ ದಾಟುತ್ತದೆ. ಆದರೆ ನೀರಿನಲ್ಲಿ ಮುಳುಗುತ್ತಿದ್ದ ಪೇತ್ರನದ್ದು "ಸ್ವಾಮೀ, ನನ್ನನ್ನು ಕಾಪಾಡು" ಎಂಬಷ್ಟೇ. ಇನ್ನೂ ಒಂದು ಮಾತು ಸೇರಿಸಿದ್ದರೆ ಬಾಯಿಗೆ ನೀರು ತುಂಬುತ್ತಿತ್ತು. ಯೇಸು ಹೇಳಿದ ಕಥೆಯ ಸುಂಕದವನದ್ದು ಒಂದೇ ಸಾಲು. ಅವನು ತಲೆ ಕೂಡ ಎತ್ತಲಿಲ್ಲ. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಅವನೇ ಎಂದು ಯೇಸು ಹೇಳಿದ್ದು ಲೂಕನ 18ರಲ್ಲಿದೆ.

ಇದರ ಜೊತೆಗೇ ಇನ್ನೊಂದು ಮಾತು ಹೇಳಬೇಕು. ಈಚೆಗೆ ಕೆಲವು ಕೂಟಗಳಲ್ಲಿ, ಬಾಯಿಪಾಠ ಮಾಡಿದ ಪ್ರಾರ್ಥನೆ ಪ್ರಾರ್ಥನೆಯೇ ಅಲ್ಲ, ಅದು ಬರೀ ತುಟಿಯದ್ದು ಎನ್ನುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಓದು ಬರುತ್ತಿರಲಿಲ್ಲ. ಅವಳು ಹುಟ್ಟಿದ್ದು ನಿಜಾಮರ ಕಾಲದಲ್ಲಿ. ಸರ್ಕಾರದ ಭಾಷೆ ಉರ್ದು, ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಶಾಲೆ ಎನ್ನುವುದು ಕನಸಲ್ಲೂ ಇಲ್ಲ. ಊರಿಗೆ ಬರುತ್ತಿದ್ದ ಬೋಧಕರು ಸಂಜೆ ಹೊತ್ತು ಎಲ್ಲರನ್ನೂ ಕೂಡಿಸಿ ಒಂದೊಂದೇ ಸಾಲು ಹೇಳಿಕೊಟ್ಟರು. ಕರ್ತನ ಪ್ರಾರ್ಥನೆ, ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ. ಆಯಿ ಅದನ್ನು ಕಿವಿಯಿಂದ ಕಲಿತಳು, ಬೀಸುವಾಗ ಹೇಳಿಕೊಂಡಳು. ಕಾಗದದ ಬೈಬಲ್ ಅವಳಿಗೆ ಇರಲಿಲ್ಲ, ಇದ್ದದ್ದು ಇದೇ.

ಶಿಷ್ಯರು "ನಮಗೂ ಪ್ರಾರ್ಥನೆ ಕಲಿಸು" ಎಂದು ಕೇಳಿದಾಗ ಯೇಸು ಮನಸ್ಸಿಗೆ ಬಂದದ್ದು ಹೇಳಿ ಎನ್ನಲಿಲ್ಲ. ಸಾಲುಗಳನ್ನೇ ಕೊಟ್ಟ. ಮೀನಿನ ಹೊಟ್ಟೆಯಲ್ಲಿ ಯೋನ ಮಾಡಿದ ಪ್ರಾರ್ಥನೆ ಓದಿ ನೋಡಿ. ಅದರ ತುಂಬ ಕೀರ್ತನೆಗಳ ಸಾಲುಗಳೇ ಕೇಳಿಸುತ್ತವೆ. ಶಿಲುಬೆಯ ಮೇಲೆ ಉಸಿರು ಸಾಲದ ಹೊತ್ತಿನಲ್ಲಿ ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು. ಕಡೆಯದಾಗಿ ತಂದೆಯ ಕೈಗೆ ಆತ್ಮವನ್ನು ಒಪ್ಪಿಸಿದ ಮಾತು 31ನೇ ಕೀರ್ತನೆಯದ್ದು. ಸ್ವಂತ ಮಾತು ಹುಟ್ಟದ ಹೊತ್ತಿಗೆ ಬೇರೆಯವರ ಮಾತು ಹಿಡಿದುಕೊಂಡು ದೇವರ ಮುಂದೆ ಹೋಗುವುದು ಕಡಿಮೆ ಭಕ್ತಿ ಅಲ್ಲ. ಹೆಣದ ಮುಂದೆ ಕೂತವರಿಗೆ, ಜ್ವರದಲ್ಲಿ ಮಲಗಿದವರಿಗೆ, ಭಯದಲ್ಲಿರುವವರಿಗೆ ಇನ್ನು ಯಾವ ದಾರಿ ಇದೆ?

ಇನ್ನು ಸಮಯ ಮತ್ತು ಜಾಗದ ವಿಷಯ. ನಾನು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಬೆಳಗಿನ ಜಾವ 4 ಗಂಟೆಗೆ ಎದ್ದು ಪ್ರಾರ್ಥಿಸಬೇಕು, ಯೇಸು ಕೂಡ ಇನ್ನೂ ಕತ್ತಲಿರುವಾಗಲೇ ಎದ್ದು ಹೋದ ಎಂದು ಪ್ರಸಂಗದಲ್ಲಿ ಕೇಳುತ್ತೇನೆ. ಮಾರ್ಕನ ಮೊದಲ ಅಧ್ಯಾಯದಲ್ಲಿ ಅದು ಇದೆ, ನಿಜ. ಆದರೆ ನೈಟ್ ಡ್ಯೂಟಿಯಲ್ಲಿ ಆ ಹೊತ್ತಿಗೆ ನಾನು ಸಲೈನ್ ಬಾಟಲಿ ಬದಲಿಸುತ್ತಿರುತ್ತೇನೆ. ಹಳ್ಳಿಯ ಹೆಂಗಸರಿಗೆ ಆ ಹೊತ್ತು ನೀರು ತುಂಬುವ ಹೊತ್ತು. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯಲ್ಲಿ ನೀರು ಬಂದಾಗಲೇ ಹಿಡಿಯಬೇಕು, ಅಲ್ವಾ. ಬಾಗಿಲು ಹಾಕಿಕೊಂಡು ಒಳಕೋಣೆಯಲ್ಲಿ ಪ್ರಾರ್ಥಿಸು ಎನ್ನುತ್ತದೆ ಮತ್ತಾಯನ ಸುವಾರ್ತೆ. ಒಂದೇ ಕೋಣೆಯ ಮನೆಯಲ್ಲಿ ಆರು ಜನ ಇದ್ದರೆ ಒಳಕೋಣೆ ಎಲ್ಲಿಂದ ತರುವುದು?

ಮೆಥೋಡಿಸ್ಟರಾದ ನಮಗೆ ಈ ಪ್ರಶ್ನೆಗೆ ಹಳೆಯ ಉತ್ತರವೊಂದಿದೆ. ನಮ್ಮ ಸಭೆಗೆ ಬುನಾದಿ ಹಾಕಿದ ಜಾನ್ ವೆಸ್ಲಿಯವರ ತಾಯಿ ಸುಸಾನ್ನಾ ವೆಸ್ಲಿ. ಇಂಗ್ಲೆಂಡಿನ ಎಪ್‌ವರ್ತ್ ಎಂಬ ಸಣ್ಣ ಊರು. ಹೆತ್ತದ್ದು 19 ಮಕ್ಕಳನ್ನು, ಅದರಲ್ಲಿ 9 ಎಳೆಯದರಲ್ಲೇ ತೀರಿಕೊಂಡವು. ಪಾದ್ರಿಯಾಗಿದ್ದ ಗಂಡ ಸಾಲಕ್ಕೆ ಸಿಕ್ಕಿ ಜೈಲು ಕಂಡವರು. 1709ರಲ್ಲಿ ಮನೆಯೇ ಸುಟ್ಟುಹೋಯಿತು. ಅಂಥ ಮನೆಯಲ್ಲಿ ಆಕೆ ಕೂತಲ್ಲೇ ಏಪ್ರನ್ ಎತ್ತಿ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದರಂತೆ. ಅವ್ವ ಪ್ರಾರ್ಥನೆಯಲ್ಲಿದ್ದಾಳೆ, ಮಾತಾಡಿಸಬಾರದು ಎಂದು ಮಕ್ಕಳಿಗೆ ಅದರಿಂದ ತಿಳಿಯುತ್ತಿತ್ತಂತೆ. ನಮ್ಮ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಲೆ ಮೇಲೆ ಸೆರಗು ಹಾಕಿ ಒಲೆಯ ಮುಂದೆ ಕೂತರೆ ಅದೇ ಕೋಣೆ, ಅದೇ ಬಾಗಿಲು.

ನನಗೆ ಡ್ಯೂಟಿಯಲ್ಲಿ ಆಸರೆ ಆದವನು ಅರಮನೆಯ ಪಾನಸೇವಕ ನೆಹೆಮೀಯ. ಪರ್ಷಿಯಾದ ರಾಜ ಅರ್ತಷಸ್ತ "ನಿನಗೆ ಏನು ಬೇಕು" ಎಂದು ಕೇಳುತ್ತಾನೆ. ನೆಹೆಮೀಯ ಉತ್ತರ ಕೊಡುತ್ತಾನೆ. ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಅವನು ದೇವರನ್ನು ಪ್ರಾರ್ಥಿಸಿದ ಎಂದು ಬರೆದಿದೆ. ಎಷ್ಟು ಹೊತ್ತು ಸಿಕ್ಕೀತು? ಒಂದು ಉಸಿರು. ಒಂದು ಬೆಡ್‌ನಿಂದ ಇನ್ನೊಂದು ಬೆಡ್‌ಗೆ ಹೋಗುವಾಗ ನನಗೆ ಅಷ್ಟು ಸಮಯ ಸಿಗುತ್ತದೆ. ಅಲ್ಲಿ ಮಲಗಿರುವವರ ಹೆಸರು ಹೇಳಿ "ದೇವರೇ, ಇವರನ್ನು ನೋಡು" ಎನ್ನುತ್ತೇನೆ.

ದಣಿವು ಬೇರೆಯೇ ವಿಷಯ. ದಣಿದವರಿಗೆ ಪ್ರಸಂಗ ಬೇಡ. ಸತ್ತರೆ ಸಾಕು ಎಂದು ಗಿಡದ ಕೆಳಗೆ ಬಿದ್ದ ಪ್ರವಾದಿ ಎಲೀಯನ ಬಳಿಗೆ ದೇವದೂತ ಬಂದ. ಯಾಕೆ ಹೀಗೆ ಮಲಗಿದ್ದೀ, ಎದ್ದು ಉಪವಾಸ ಮಾಡು ಎನ್ನಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಎರಡನೇ ಸಲವೂ ರೊಟ್ಟಿಯನ್ನೇ ಕೊಟ್ಟ. ಮಗುವಿಗೆ ಹಾಲೂಡಿಸುತ್ತಾ ರಾತ್ರಿ ಕಳೆಯುವ ಬಾಣಂತಿಗೆ, ಡ್ಯೂಟಿ ಮುಗಿಸಿ ಬಂದವರಿಗೆ, ಕೂಲಿ ಮಾಡಿ ಬಂದವರಿಗೆ ಮೊದಲು ನಿದ್ದೆ ಬೇಕು. ಅದನ್ನು ಸೋಮಾರಿತನ ಎಂದು ಕರೆಯುವುದು ಅನ್ಯಾಯ.

ಸಿಟ್ಟು, ಜಗಳ, ಕ್ಷಮೆ. ಇದು ಇನ್ನೂ ಕಷ್ಟದ ಅಡ್ಡಿ. ನಮ್ಮ ಕಡೆ ಬಹಳ ಸಲ ಅದು ಹೊಲದ ಬದುವಿನಿಂದ ಶುರುವಾಗುತ್ತದೆ. ಅಣ್ಣ ತಮ್ಮ ಒಂದೇ ಚರ್ಚಿಗೆ ಬರುತ್ತಾರೆ, ಒಂದೇ ರೊಟ್ಟಿ ಮುರಿಯುತ್ತಾರೆ, ಹೊರಗೆ ಬಂದರೆ ಮುಖ ನೋಡುವುದಿಲ್ಲ. ಯೇಸು ಬೆಟ್ಟದ ಪ್ರಸಂಗದಲ್ಲಿ ಹೇಳಿದ್ದು ನೆನಪಿರಬಹುದು: ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪ ಇದೆ ಎಂದು ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ಸಮಾಧಾನ ಮಾಡಿಕೋ. ಕೇಳುತ್ತಿದ್ದವರು ಗಲಿಲಾಯದವರು. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನೂರು ಕಿಲೋಮೀಟರ್‌ಗೂ ಜಾಸ್ತಿ ದೂರ. ಬೀದರ್‌ನಿಂದ ಕಲಬುರಗಿಗೆ ನಡೆದು ಹೋಗಿ, ಕಾಣಿಕೆ ಇಟ್ಟು, ಮತ್ತೆ ನಡೆದು ಬೀದರ್‌ಗೆ ಬಂದು ತಮ್ಮನ ಬಾಗಿಲು ಬಡಿದು, ಆಮೇಲೆ ಪುನಃ ಕಲಬುರಗಿಗೆ ಹೋಗು ಎಂದಂತೆ. ಇದು ಸುಲಭ ಎಂದು ಯೇಸು ಎಲ್ಲೂ ಹೇಳಲಿಲ್ಲ. ಹೊರಟ ಕ್ಷಣದಿಂದಲೇ ಆ ನಡಿಗೆಯೂ ಆರಾಧನೆ ಎಂದು ನಾನು ನಂಬುತ್ತೇನೆ. ತಲುಪಿದ ಮೇಲಷ್ಟೇ ಅಲ್ಲ.

ಆದರೆ ಈ ವಚನವನ್ನು ತಪ್ಪಾಗಿ ಉಪಯೋಗಿಸುವುದನ್ನೂ ನೋಡಿದ್ದೇನೆ. ಗಂಡನ ಕೈಯಲ್ಲಿ ಏಟು ತಿಂದು ತವರಿಗೆ ಬಂದವಳಿಗೆ "ನೀನು ಕ್ಷಮಿಸದೆ ಇದ್ರ ನಿನ್ನ ಪ್ರಾರ್ಥನಾ ಕೇಳಲ್ಲಮ್ಮ, ವಾಪಸ್ ಹೋಗು" ಎನ್ನುತ್ತಾರೆ. ಅವಳ ಮೈಮೇಲಿನ ಗಾಯಕ್ಕೆ ನಾನು ಡ್ರೆಸಿಂಗ್ ಮಾಡಿದವಳು. ನನಗೆ ಸುಮ್ನೆ ಇರಲು ಆಗುವುದಿಲ್ಲ. ಬೈಬಲಿನಲ್ಲಿ ಪ್ರಾರ್ಥನೆಗೆ ಅಡ್ಡಿ ಬರುತ್ತದೆ ಎಂದು ನೇರವಾಗಿ ಹೇಳಿರುವ ಜಾಗ ಒಂದನೇ ಪೇತ್ರ 3:7. ಅಲ್ಲಿ ಹೇಳಿರುವುದು ಹೆಂಡತಿಗಲ್ಲ, ಗಂಡನಿಗೆ. ಹೆಂಡತಿಯನ್ನು ಗೌರವದಿಂದ ನೋಡಿಕೋ, ಅವಳೂ ನಿನ್ನ ಜೊತೆ ಜೀವವರಕ್ಕೆ ಹಕ್ಕುದಾರಳು, ಇಲ್ಲದಿದ್ದರೆ ನಿಮ್ಮ ಪ್ರಾರ್ಥನೆಗೆ ಅಡ್ಡಿಯಾಗುತ್ತದೆ ಎಂಬುದು ಅದರ ಅರ್ಥ. ಏಟು ತಿಂದವಳು ಏನು ಮಾಡಬೇಕು? ಕೀರ್ತನೆಗಳಲ್ಲಿ ಸಿಟ್ಟು ಎಷ್ಟೊಂದು ಇದೆ. 109 ಓದಿದರೆ ಮೈ ಬಿಸಿಯಾಗುತ್ತದೆ. ಅಷ್ಟು ಸಿಟ್ಟನ್ನು ದೇವರ ಮುಂದೆ ಸುರಿಯಬಹುದು ಎಂದೇ ಅವು ಬೈಬಲಿನಲ್ಲಿವೆ. ಕ್ಷಮೆ ಯಾವತ್ತೋ ಒಂದು ದಿನ ಬರಬಹುದು. ಹೊಡೆಯುವ ಮನೆಗೆ ವಾಪಸ್ ಹೋಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಗ ನನ್ನ ಅವ್ವನ ವಿಷಯ. ನನ್ನ ತಂಗಿಗೆ ಕಿಡ್ನಿ ಕಾಯಿಲೆ ಬಂತು. ಡಯಾಲಿಸಿಸ್ ಮಾಡಿಸುತ್ತಾ ಹೋದೆವು. ಅವ್ವ ಶುಕ್ರವಾರದ ಉಪವಾಸ ಪ್ರಾರ್ಥನೆ ಬಿಡಲಿಲ್ಲ. ಮಗಳು ಗುಣವಾದರೆ ಧಾರೂರು ಜಾತ್ರೆಗೆ ಕರೆದುಕೊಂಡು ಬರುತ್ತೇನೆ ಎಂದು ಹೇಳಿಕೊಂಡಿದ್ದಳು. ನವೆಂಬರ್‌ನಲ್ಲಿ ತೆಲಂಗಾಣದ ವಿಕಾರಾಬಾದ್ ಹತ್ತಿರ ನಡೆಯುವ ಆ ಕ್ರೈಸ್ತ ಜಾತ್ರೆಗೆ ನಮ್ಮ ಕಡೆಯಿಂದ ಕುಟುಂಬ ಕುಟುಂಬಗಳೇ ಬುತ್ತಿ ಕಟ್ಟಿಕೊಂಡು ಹೋಗುತ್ತವೆ. ತಂಗಿ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಸಾಂತ್ವನ ಹೇಳಲು ಬಂದವರೊಬ್ಬರು, ವಿಶ್ವಾಸ ಪೂರ್ತಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದರು.

ಅವ್ವ ಅವತ್ತಿನಿಂದ ಪ್ರಾರ್ಥನೆ ನಿಲ್ಲಿಸಿದಳು. ಚರ್ಚಿಗೆ ಬರುತ್ತಿದ್ದಳು. ಹಾಡಿಗೆ ಎದ್ದು ನಿಲ್ಲುತ್ತಿದ್ದಳು, ಬಾಯಿ ತೆರೆಯುತ್ತಿರಲಿಲ್ಲ. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ "ನೀವೇ ಮಾಡ್ರಿ" ಎನ್ನುತ್ತಿದ್ದಳು. ಬೇರೆಯವರು ನಾಚಿಕೆಯಿಂದ ಹೇಳುವ ಅದೇ ಮಾತು. ಅವಳು ಹೇಳುತ್ತಿದ್ದದ್ದು ಬೇರೆ ಕಾರಣಕ್ಕೆ. ಒಳಗೆ ಇದ್ದದ್ದು ದೇವರ ಮೇಲಿನ ಸಿಟ್ಟು, ಆ ಸಿಟ್ಟಿಗೆ ಪ್ರಾರ್ಥನೆಯಲ್ಲಿ ಜಾಗ ಇಲ್ಲ ಎಂಬ ಭಯ.

ನಾವು ದಿನಕ್ಕೆ ಒಂದರಂತೆ ಕೀರ್ತನೆಗಳನ್ನು ಓದುತ್ತಾ ಬಂದಿದ್ದೆವು. 88 ಬಂತು. ಬಹಳ ಕೀರ್ತನೆಗಳು ಅಳುವಿನಿಂದ ಶುರುವಾದರೂ ಕಡೆಗೆ ಸ್ತೋತ್ರಕ್ಕೆ ತಿರುಗುತ್ತವೆ. 88 ತಿರುಗುವುದಿಲ್ಲ. ಕತ್ತಲೆಯಲ್ಲೇ ನಿಂತುಬಿಡುತ್ತದೆ. ನಾನು ಓದಿ ಮುಗಿಸಿದೆ.

"ಮುಗೀತೇನು?" ಎಂದಳು ಅವ್ವ.

"ಮುಗೀತವ್ವಾ."

"ಕಡೀಕ ಸ್ತೋತ್ರ ಇಲ್ಲೇನು?"

"ಇಲ್ಲವ್ವಾ. ಇಷ್ಟೇ ಅದ."

"ಹಂಗಂದ್ರ ಇಷ್ಟ ಹೇಳಿದ್ರೂ ನಡೀತದ."

ಆಮೇಲೆ ಅವಳು ದೇವರಿಗೆ ಹೇಳಿದ್ದನ್ನು ನಾನು ಇಲ್ಲಿ ಪೂರ್ತಿ ಬರೆಯುವುದಿಲ್ಲ. ಬೈಬಲಿನ ಕನ್ನಡದ ಒಂದು ಮಾತೂ ಅದರಲ್ಲಿ ಇರಲಿಲ್ಲ. ಯಾಕ ಒಯ್ದಿ, ನಾ ಏನ್ ಕಡಿಮಿ ಮಾಡಿದ್ದೆ, ನಿನಗ ಕೇಳಿಸ್ಲಿಲ್ಲೇನು ಎಂದೇ ಇತ್ತು. ಆಮೆನ್ ಕೂಡ ಹೇಳಲಿಲ್ಲ. ನನಗೆ ಮಾತ್ರ ಅದಕ್ಕಿಂತ ದೊಡ್ಡ ಪ್ರಾರ್ಥನೆಯನ್ನು ಕೇಳಿದ ನೆನಪಿಲ್ಲ. ನಾವು ನಂಬದವರ ಹತ್ತಿರ ಹೀಗೆ ಯಾರೂ ಕೇಳುವುದಿಲ್ಲ. 88ನೇ ಕೀರ್ತನೆ ಹಾಡಿದವನೂ ಮೊದಲ ಸಾಲಿನಲ್ಲಿ ದೇವರನ್ನು ತನ್ನ ರಕ್ಷಕ ಎಂದು ಕರೆದೇ ಜಗಳ ಶುರು ಮಾಡುತ್ತಾನೆ.

ಅವ್ವನ ದುಃಖ ಅವತ್ತಿಗೆ ಮುಗಿಯಲಿಲ್ಲ. ಕೆಲವು ಹಾಡುಗಳನ್ನು ಈಗಲೂ ಅವಳು ಹಾಡುವುದಿಲ್ಲ. ತಂಗಿ ಹಾಡುತ್ತಿದ್ದ ಹಾಡುಗಳು ಅವು. ಆದರೆ ಈಗ ಮಾತಾಡುತ್ತಾಳೆ. ಕೆಲವು ದಿನ ಕೇಳಿಕೊಳ್ಳುತ್ತಾಳೆ, ಕೆಲವು ದಿನ ಜಗಳವಾಡುತ್ತಾಳೆ, ಕೆಲವು ದಿನ ಕರ್ತನ ಪ್ರಾರ್ಥನೆ ಹೇಳಿ ಮಲಗುತ್ತಾಳೆ.

"ವಿಶ್ವಾಸ ಸಾಲಲಿಲ್ಲ" ಎಂಬ ಆ ಮಾತಿನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಐಸಿಯು ಹೊರಗೆ ನೆಲದ ಮೇಲೆ ಕೂತು ಪ್ರಾರ್ಥಿಸುವವರನ್ನು ದಿನಾ ನೋಡುತ್ತೇನೆ. ಕೆಲವರ ರೋಗಿ ಮನೆಗೆ ಹೋಗುತ್ತಾರೆ, ಕೆಲವರದ್ದು ಹೋಗುವುದಿಲ್ಲ. ಎರಡೂ ಕಡೆಯವರ ಪ್ರಾರ್ಥನೆಯಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ. ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದೂರವಾಗಲಿ ಎಂದು ಕೇಳಿಕೊಂಡ. ಮೂರು ಸಲ ಕೇಳಿಕೊಂಡ, ಮೂರನೇ ಸಲವೂ ಅದೇ ಮಾತುಗಳನ್ನು ಹೇಳಿದ ಎಂದು ಮತ್ತಾಯ ಬರೆಯುತ್ತಾನೆ. ಪಾತ್ರೆ ದೂರವಾಗಲಿಲ್ಲ. ಪೌಲನೂ ತನ್ನ ಶರೀರದಲ್ಲಿ ನಾಟಿದ ಶೂಲಕ್ಕಾಗಿ ಮೂರು ಸಲ ಬೇಡಿಕೊಂಡ. ಅದು ಹೋಗಲಿಲ್ಲ, ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು. ಕೇಳಿದ್ದು ಸಿಗದಿದ್ದರೆ ವಿಶ್ವಾಸ ಕಡಿಮೆ ಎನ್ನುವುದಾದರೆ ಯೇಸುವಿಗೂ ಪೌಲನಿಗೂ ಏನು ಹೇಳುತ್ತೀರಿ? ಯಾಕೆ ಒಬ್ಬರಿಗೆ ಗುಣವಾಗುತ್ತದೆ, ಇನ್ನೊಬ್ಬರಿಗೆ ಆಗುವುದಿಲ್ಲ ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ಸತ್ತ ಮನೆಯಲ್ಲಿ ಆ ಉತ್ತರ ತನಗೆ ಗೊತ್ತಿದೆ ಎನ್ನುವವರನ್ನು ನಾನು ನಂಬುವುದಿಲ್ಲ.

ವಿಶ್ವಾಸ ಗಟ್ಟಿಯಾದ ಮೇಲೆ ಪ್ರಾರ್ಥಿಸುತ್ತೇನೆ ಎಂದು ಕಾಯುವವರಿಗೆ ಜಾನ್ ವೆಸ್ಲಿಯವರ ಬದುಕಿನ ಒಂದು ವರ್ಷ ನೆನಪಿಸುತ್ತೇನೆ. 1738ರ ಮಾರ್ಚ್. ಅಮೆರಿಕದಿಂದ ಸೋತು ಮರಳಿದ್ದರು. ನನಗೇ ವಿಶ್ವಾಸ ಇಲ್ಲದಿರುವಾಗ ಬೇರೆಯವರಿಗೆ ಹೇಗೆ ಬೋಧಿಸಲಿ, ನಿಲ್ಲಿಸಿಬಿಡಲೇ ಎಂದು ಮೊರೇವಿಯನ್ ಸಭೆಯ ಪೀಟರ್ ಬೋಲರ್ ಅವರನ್ನು ಕೇಳಿದರು. ಬೇಡ, ವಿಶ್ವಾಸ ಬರುವ ತನಕ ಅದನ್ನೇ ಬೋಧಿಸು, ಬಂದ ಮೇಲೆ ಬಂದಿದೆ ಎಂಬ ಕಾರಣಕ್ಕೇ ಬೋಧಿಸು ಎಂದರು ಬೋಲರ್. ವೆಸ್ಲಿ ನಿಲ್ಲಿಸಲಿಲ್ಲ. ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ವಿಶ್ವಾಸ ಸಿಕ್ಕಿ ಅವರ ಹೃದಯ ಬೆಚ್ಚಗಾದ ಕಥೆ ನಮ್ಮ ಭಾನುವಾರದ ಶಾಲೆಯ ಮಕ್ಕಳಿಗೂ ಗೊತ್ತು. ಅದಕ್ಕೆ ಮೊದಲಿನ ಆ ಎರಡೂವರೆ ತಿಂಗಳ ಕಥೆಯನ್ನು ನಾವು ಜಾಸ್ತಿ ಹೇಳುವುದಿಲ್ಲ. ನನಗೆ ಅದೇ ಹೆಚ್ಚು ಬೇಕಾದದ್ದು.

ಅಡ್ಡಿ ತೀರಿದ ಮೇಲೆ ಪ್ರಾರ್ಥನೆ ಅಲ್ಲ. ಅಡ್ಡಿಯನ್ನೇ ಮೊದಲ ಮಾತಾಗಿ ಹೇಳಬಹುದು. ನಾಚಿಕೆ ಆಗುತ್ತದೆ ದೇವರೇ. ನಿದ್ದೆ ಬರುತ್ತಿದೆ. ತಮ್ಮನ ಮುಖ ನೋಡಲು ಮನಸ್ಸಿಲ್ಲ. ನಿನ್ನ ಮೇಲೆ ಸಿಟ್ಟಿದೆ. ನೀನು ಇದ್ದೀಯೋ ಇಲ್ಲವೋ ಎಂದೇ ಅನುಮಾನ. ಇದರಲ್ಲಿ ಯಾವುದಕ್ಕೂ ಬೈಬಲಿನಲ್ಲಿ ಜೊತೆ ಸಿಗುತ್ತದೆ.

ಸಭಾಪಾಲಕರಲ್ಲೂ ಮನೆ ಪ್ರಾರ್ಥನೆ ನಡೆಸುವ ಅಕ್ಕ ಅಣ್ಣಂದಿರಲ್ಲೂ ನನ್ನದೊಂದು ಕೋರಿಕೆ ಇದೆ. ಕೂಟದಲ್ಲಿ ಹೆಸರು ಹಿಡಿದು "ನೀವು ಪ್ರಾರ್ಥನೆ ಮಾಡ್ರಿ" ಎಂದು ಎಬ್ಬಿಸಬೇಡಿ. ಮಾತು ಬಾರದವರಿಗೆ ಸುಮ್ನೆ ಕೂತಿರಲು ಎರಡು ನಿಮಿಷ ಬಿಡಿ, ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ ಹೇಳೋಣ. ವರ್ಷಕ್ಕೆ ಒಂದು ಭಾನುವಾರವಾದರೂ 88ನೇ ಕೀರ್ತನೆಯ ಮೇಲೆ ಪ್ರಸಂಗ ಮಾಡಿ, ಕಡೆಗೆ ಸ್ತೋತ್ರ ಸೇರಿಸದೆ ಮಾಡಿ. ಮದುವೆಯ ಪ್ರಸಂಗದಲ್ಲಿ ಹೆಂಡತಿಗೆ ಹೇಳುವ ವಚನಗಳ ಜೊತೆ ಒಂದನೇ ಪೇತ್ರ 3:7ನ್ನೂ ಪೂರ್ತಿಯಾಗಿ, ಗಂಡನ ಮುಖ ನೋಡಿ ಓದಿ. ಮಣ್ಣು ಮಾಡಿ ಬಂದ ಮನೆಗೆ ಹೋದಾಗ ವಿಶ್ವಾಸದ ಅಳತೆ ತೆಗೆಯಬೇಡಿ. ರೊಟ್ಟಿ ಪಲ್ಯ ಕಟ್ಟಿಕೊಂಡು ಹೋಗಿ. ಆ ಮನೆಯವರ ಬಾಯಿಂದ ಪ್ರಾರ್ಥನೆ ಬರುವ ತನಕ ಅವರ ಪರವಾಗಿ ನೀವು ಮಾಡುತ್ತಿರಿ.